ಕಬ್ಬಿಣದ ತಕ್ಕಡಿಯ ಅಂಗಡಿಗೆ ಡ್ರೈವರ್ ಯಾಕೆ?

ಶಿರಸಿಯ ಅಡಿಕೆ ಅಂಗಡಿಗಳಿಗೆ ನಾನೊಂದು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆಯ ಬಗೆವಾರು ತೂಕ ಬರೆದುಕೊಂಡು, ದರ ಹಾಕಿ ಲೆಕ್ಕ ಕೊಡುತ್ತದೆ, ಅಷ್ಟೇ. ಅದು ಓಡಲು ಬೇಕೇ ಬೇಕಾದ್ದು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ವಿಂಡೋಸ್ 11ರಲ್ಲಿ ಅದು ಮೊದಲೇ ಇರುತ್ತದೆ. ಇನ್ನೆರಡು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯ ಯುಎಸ್‌ಬಿ ಕೇಬಲ್‌ಗೆ ಸಿಎಚ್340 ಡ್ರೈವರ್ (ತಕ್ಕಡಿಯ ಮಾತು ಕಂಪ್ಯೂಟರಿಗೆ ತಿಳಿಸುವ ಪ್ರೋಗ್ರಾಂ), ಲೆಕ್ಕವನ್ನು ಪಿಡಿಎಫ್ ಫೈಲು ಮಾಡುವ ಲೈಬ್ರರಿಗೆ ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್, ಅಂದರೆ ಆ ಲೈಬ್ರರಿ ಓಡಲು ಬೇಕಾದ ಮೈಕ್ರೋಸಾಫ್ಟ್ ಫೈಲುಗಳು.

ಇನ್‌ಸ್ಟಾಲರ್ ಕಟ್ಟಿಕೊಡುವ ಇನ್ನೋ ಸೆಟಪ್‌ನಲ್ಲಿ ಈ ಮೂರನ್ನೂ ಒಟ್ಟಿಗೆ ತುರುಕಿದ್ದು ನನ್ನ ತಪ್ಪು. ಒಂದು ಮಳೆಗಾಲ ಸಾವ್ಕಾರ್ರೊಬ್ಬರ ಫೋನ್ ಬಂತು. "ತಮಾ, ಎಂತದೋ 1638 ಅಂತ ಬಂತು ನೋಡು. ಮುಂದೆ ಹೋಗ್ತಾನೇ ಇಲ್ಲ."

ಪ್ರತಿ ಸೆಟಪ್ ಫೈಲೂ ಮುಗಿಯುವಾಗ ಏನಾಯಿತು ಅಂತ ಒಂದು ಸಂಖ್ಯೆ ಹೇಳುತ್ತದೆ; ಸೊನ್ನೆ ಅಂದರೆ ಕೆಲಸ ಆಯಿತು. 1638 ಅಂದರೆ ಆ ರನ್‌ಟೈಮ್‌ನ ಇನ್ನೂ ಹೊಸ ಆವೃತ್ತಿ ಆಗಲೇ ಕಂಪ್ಯೂಟರಿನಲ್ಲಿದೆ ಅಂತ. ಖುಷಿಪಡಬೇಕಾದ ವಿಷಯ! ನಾನೋ, ಸೊನ್ನೆ ಬಿಟ್ಟು ಯಾವ ಸಂಖ್ಯೆ ಬಂದರೂ ಕೆಲಸ ಕೆಟ್ಟಿತು ಅಂತ ಬರೆದಿದ್ದೆ. ಫೈಲು ಹಾಕುವ ಮೊದಲು ಓಡುವ 'ಪ್ರಿಪೇರ್‌ಟುಇನ್‌ಸ್ಟಾಲ್' ಫಂಕ್ಷನ್ ಏನಾದರೂ ಸಂದೇಶ ಹಿಂದಿರುಗಿಸಿದರೆ ಇನ್ನೋ ಸೆಟಪ್ ಅಲ್ಲೇ ನಿಲ್ಲುತ್ತದೆ. ನಿಂತಿತು. ತಮಾಷೆ ಅಂದರೆ, ಆ ಅಂಗಡಿಯಲ್ಲಿ ಪಿಡಿಎಫ್ ಯಾರೂ ಕೇಳಿದ್ದಿಲ್ಲ. ತೂಗುತ್ತಿದ್ದದ್ದು ಕಬ್ಬಿಣದ ಕಲ್ಲಿನಲ್ಲಿ.

ಸರಿಮಾಡಲು ಮೊದಲು, ಯಾವುದು ಬೇಕೋ ಅದಕ್ಕೆ ಟಿಕ್ ಹಾಕುವ ಪಟ್ಟಿ ಕೊಟ್ಟು ನೋಡಿದೆ. ಎಲ್ಲರೂ ಓದದೇ 'ಮುಂದೆ' ಒತ್ತಿದರು. ತೆಗೆದುಹಾಕಿದೆ.

ಈಗ ಇನ್‌ಸ್ಟಾಲರ್ ಡಾಟ್‌ನೆಟ್ ಒಂದನ್ನೇ ನೋಡುತ್ತದೆ. ಉಳಿದೆರಡರ ಸೆಟಪ್ ಫೈಲುಗಳನ್ನು ಪ್ರೋಗ್ರಾಂ ಫೋಲ್ಡರಿಗೆ ಸುಮ್ನೆ ಕಾಪಿ ಮಾಡಿಡುತ್ತದೆ. ಹಳ್ಳಿ ಕಡೆ ನೆಟ್ ನಂಬಿಕೊಂಡು ಡೌನ್‌ಲೋಡ್‌ಗೆ ಬಿಡೋಕಾಗಲ್ಲ, ಅಲ್ವಾ? ಯಾರಾದರೂ 'ಪಿಡಿಎಫ್ ಮಾಡಿ' ಒತ್ತಿದಾಗ ರನ್‌ಟೈಮ್ ಇಲ್ಲದಿದ್ದರೆ, "ಇದಕ್ಕೆ ಇನ್ನೊಂದು ಫೈಲು ಬೇಕು, ಹಾಕಲಾ?" ಅಂತ ಕೇಳುತ್ತದೆ. ಬೇಡ ಅಂದರೆ ಸಾದಾ ಪ್ರಿಂಟ್ ಕೊಡುತ್ತದೆ. ಹಾಕಿದ ಮೇಲೆ 0, 1638, 3010 ಮೂರೂ ಗೆದ್ದಂತೆ. 3010 ಬಂದರೆ ಮಾತ್ರ ಕಂಪ್ಯೂಟರ್ ರೀಸ್ಟಾರ್ಟ್ ಮಾಡಲು ಹೇಳುತ್ತೇನೆ.

ರನ್‌ಟೈಮ್ ಇದೆಯೋ ಇಲ್ಲವೋ ಅಂತ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಕಡೆ, ಹುಡುಕಲು ಹೋಗಿ ಸುಸ್ತಾದೆ. 32 ಬಿಟ್ ಪ್ರೋಗ್ರಾಮಿಗೆ ವಿಂಡೋಸ್ ಬೇರೆಯದೇ ಜಾಗ ತೋರಿಸುತ್ತದೆ. ಈಗ ಲೈಬ್ರರಿಯನ್ನೇ ಒಮ್ಮೆ ಲೋಡ್ ಮಾಡಿ ನೋಡುತ್ತೇನೆ. ಆದರೆ ಅಲ್ಲಿ ಬರುವ ಎರರ್ ನಂಬಬೇಡಿ. ಪಿಡಿಎಫ್ ಲೈಬ್ರರಿ ಸಿಗಲಿಲ್ಲ ಅನ್ನುತ್ತದೆ; ಫೈಲು ಕಣ್ಣೆದುರೇ ಇರುತ್ತದೆ. ಕಾಣೆಯಾದದ್ದು ಅದಕ್ಕೆ ಬೇಕಾದ ರನ್‌ಟೈಮ್. ನನ್ನ ಒಂದು ಸಂಜೆ ಪೂರ್ತಿ ಹೋದದ್ದು ಇದರಲ್ಲೇ.

ಅನ್‌ಇನ್‌ಸ್ಟಾಲ್ ಮಾಡುವಾಗ ರನ್‌ಟೈಮ್ ಮುಟ್ಟುವುದಿಲ್ಲ. ಬೇರೆ ಪ್ರೋಗ್ರಾಮುಗಳೂ ಅದನ್ನೇ ನೆಚ್ಚಿಕೊಂಡಿರಬಹುದು.

ಅದೇ ಸಾವ್ಕಾರ್ರು ಮೊನ್ನೆ ಎಲೆಕ್ಟ್ರಾನಿಕ್ ತಕ್ಕಡಿ ತಂದರು. 'ತಕ್ಕಡಿ ಜೋಡಿಸಿ' ಒತ್ತಿದರಂತೆ, ಡ್ರೈವರ್ ಹಾಕಲಾ ಅಂತ ಕೇಳಿತಂತೆ, ಹೂಂ ಅಂದರಂತೆ. ಫೋನ್ ಬಂದದ್ದು ಮಾರನೇ ದಿನ, ತೂಕದಲ್ಲಿ ಚೀಲದ ತೂಕ ಕಳೆಯೋದು ಹೇಗೆ ಅಂತ ಕೇಳಲಿಕ್ಕೆ.