ಕಾಕ್ ಜೊತೆ ಟರ್ಮಿನಲ್‌ನಲ್ಲಿ ಕೂತು ಪ್ರೂಫ್ ಮಾಡಿದ್ದು: ನನ್ನ ಅನುಭವ

ಯಾವುದೇ ಸಂಖ್ಯೆಗೆ ಸೊನ್ನೆ ಕೂಡಿಸಿದರೆ ಅದೇ ಸಂಖ್ಯೆ ಬರುತ್ತೆ. ಇದನ್ನು ಕಂಪ್ಯೂಟರ್ ಒಪ್ಪುವ ಹಾಗೆ ಸಾಧಿಸಿ ತೋರಿಸಿ ಅಂದರೆ ನಮ್ಮ ಬಿಎಸ್‌ಸಿ ಮಕ್ಕಳಿಗೆ ನಗು. "ಇದ್ರಲ್ಲಿ ಸಾಧ್ಸೋದೇನಿದೆ ಮೇಡಂ?" ಅಂತಾರೆ. ಕಾಕ್ ಅನ್ನೋ ಸಾಫ್ಟ್‌ವೇರ್ ಅದನ್ನು ಒಪ್ಪದೇ ಇದ್ದಾಗ ಎಲ್ಲರೂ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ.

ನಾನು ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಮೈಸೂರಿನ ಸರಸ್ವತಿಪುರಂ, ಓಡಾಟ ರೈಲಿನಲ್ಲಿ. ಸಿಲಬಸ್ ಮುಗಿದ ಮೇಲೆ ಸಂಜೆ ಹೊತ್ತು ಆಸಕ್ತಿ ಇರುವ ಮಕ್ಕಳನ್ನು ಕೂರಿಸಿಕೊಂಡು ಕಾಕ್ ಕಲಿಸುತ್ತೇನೆ. ಕಾಕ್ ಒಂದು ಥಿಯರಮ್ ಪ್ರೂವರ್. ಪ್ರೂಫನ್ನು ನಾವು ಹಂತ ಹಂತವಾಗಿ ಹೇಳಬೇಕು, ಪ್ರತಿ ಹಂತ ಸರಿಯೋ ಇಲ್ಲವೋ ಅಂತ ಅದು ನೋಡುತ್ತೆ. 1984ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಇದರ ಕೆಲಸ ಶುರುವಾಯಿತು. ನಾಲ್ಕು ಬಣ್ಣದ ಪ್ರಮೇಯವನ್ನು (ಅಕ್ಕಪಕ್ಕದ ಪ್ರದೇಶಕ್ಕೆ ಒಂದೇ ಬಣ್ಣ ಬಾರದ ಹಾಗೆ ಯಾವ ನಕ್ಷೆಗಾದರೂ ನಾಲ್ಕೇ ಬಣ್ಣ ಸಾಕು ಅನ್ನೋದು) ಜಾರ್ಜ್ ಗೊಂತಿಯೇ 2005ರ ಹೊತ್ತಿಗೆ ಪೂರ್ತಿಯಾಗಿ ಪರಿಶೀಲಿಸಿ ಮುಗಿಸಿದ್ದು ಇದರಲ್ಲೇ. 2025ರಿಂದ ಇದರ ಹೆಸರು ರಾಕ್. ನಮ್ಮ ಲ್ಯಾಬ್‌ನ ಉಬುಂಟುವಿನಲ್ಲಿ ಇರುವುದು ಹಳೆ ವರ್ಷನ್, ಹಾಗಾಗಿ ನಾವಿನ್ನೂ ಕಾಕ್ ಅಂತಲೇ ಕರೆಯುತ್ತೇವೆ.

ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಬರೀ ಅಕ್ಷರದ ಕಿಟಕಿ, ಹಿಡಿದದ್ದಕ್ಕೆ ಮೊದಲ ಕಾರಣ ಲ್ಯಾಬ್‌ನ ಹಳೆ ಮಷಿನ್‌ಗಳು. ದೊಡ್ಡ ಎಡಿಟರ್ ತೆರೆದು, ಪ್ಲಗಿನ್ ಹಾಕಿ ರೆಡಿ ಮಾಡುವಷ್ಟರಲ್ಲಿ ಪಾಂಡವಪುರದ ಕಡೆಯವರಿಗೆ ಬಸ್ ಹೊತ್ತಾಗಿರುತ್ತೆ. ಆದರೆ ಈಗ ಹೊಸ ಮಷಿನ್ ಕೊಟ್ಟರೂ ಶುರುವಿನ ಪಾಠ ನಾನು ಟರ್ಮಿನಲ್‌ನಲ್ಲೇ ಮಾಡುತ್ತೇನೆ. ಯಾಕೆ ಅನ್ನೋದನ್ನು ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಹಾಕಿಕೊಳ್ಳಬೇಕಾದ್ದು ಎರಡು ಪ್ಯಾಕೇಜ್. ಒಂದು ಕಾಕ್, ಇನ್ನೊಂದು ಆರ್‌ಎಲ್‌ವ್ರಾಪ್. ಎರಡೂ ಉಬುಂಟುವಿನ ಆಪ್ಟ್ ಅನ್ನೋ ಇನ್‌ಸ್ಟಾಲರ್‌ನಲ್ಲೇ ಸಿಗುತ್ತವೆ. ಕಾಕ್ ಜೊತೆ ಸಾಲು ಸಾಲಾಗಿ ಮಾತಾಡೋಕೆ ಇರುವ ಕಾಕ್‌ಟಾಪ್ ಅನ್ನೋ ಕಮಾಂಡನ್ನು ಸುಮ್ನೆ ಹಾಗೇ ಓಡಿಸಿದರೆ ಬಾಣದ ಕೀ ಕೆಲಸ ಮಾಡಲ್ಲ. ಹಿಂದಿನ ಸಾಲು ಬರುವ ಬದಲು ಏನೇನೋ ಅಕ್ಷರ ಬೀಳುತ್ತವೆ. ಅದಕ್ಕೆ 'ಆರ್‌ಎಲ್‌ವ್ರಾಪ್ ಕಾಕ್‌ಟಾಪ್' ಅಂತ ಓಡಿಸಬೇಕು. ಆಗ ಹಿಂದೆ ಹೊಡೆದ ಸಾಲುಗಳು ಬಾಣದ ಕೀಗೆ ವಾಪಸ್ ಬರುತ್ತವೆ, ನಾಳೆಗೂ ಉಳಿದಿರುತ್ತವೆ. ಇದನ್ನು ಬಿಟ್ಟು ಶುರು ಮಾಡಿದವರು ಅರ್ಧ ಗಂಟೆಯಲ್ಲಿ ಬೇಸತ್ತು ಎದ್ದು ಹೋಗುತ್ತಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಕ್‌ನಲ್ಲಿ ಪ್ರತಿ ವಾಕ್ಯದ ಕೊನೆಗೂ ಫುಲ್‌ಸ್ಟಾಪ್ ಬೇಕು. ಅದಿಲ್ಲದೆ ಎಂಟರ್ ಒತ್ತಿದರೆ ಅದು ಬಾಯಿ ಬಿಡಲ್ಲ, ಮುಂದಿನ ಸಾಲಿಗೆ ಕಾಯುತ್ತಾ ಕೂರುತ್ತೆ. ಹೊಸಬರು ಮಷಿನ್ ಹ್ಯಾಂಗ್ ಆಯ್ತು ಅಂದ್ಕೋತಾರೆ.

ಈಗ ಸೊನ್ನೆಯ ಲೆಕ್ಕಕ್ಕೆ ಬರೋಣ. ಮೊದಲು 0 + ಎನ್ = ಎನ್ ಅಂತ ಕೊಡುತ್ತೇವೆ. 'ಇಂಟ್ರೋಸ್' (ಎನ್ ಅನ್ನು ಕೈಗೆ ತೆಗೆದುಕೊಳ್ಳೋದು), ಆಮೇಲೆ 'ರಿಫ್ಲೆಕ್ಸಿವಿಟಿ' (ಎರಡೂ ಕಡೆ ಒಂದೇ ಅನ್ನೋದು). ಮುಗಿಯಿತು. ಆಮೇಲೆ ತಿರುಗಿಸಿ ಎನ್ + 0 = ಎನ್ ಅಂತ ಕೊಡುತ್ತೇವೆ. ಅದೇ ಎರಡು ಸಾಲು ಹೊಡೆದರೆ ಎರರ್. ಎನ್ ಮತ್ತು ಎನ್ + 0 ಎರಡನ್ನೂ ಹೊಂದಿಸೋಕೆ ಆಗುತ್ತಿಲ್ಲ ಅನ್ನುತ್ತೆ.

"ಇದ್ಯಾಕ್ ಮೇಡಂ, ಆಗ ಒಪ್ಕೊಂತು, ಈಗ ಒಪ್ತಿಲ್ಲ?"

"ಪ್ಲಸ್ ಅಂದ್ರೆ ಏನು ಅಂತ ಅದನ್ನೇ ಕೇಳಪ್ಪ" ಅನ್ನುತ್ತೇನೆ. 'ಪ್ರಿಂಟ್' ಕಮಾಂಡ್ ಕೊಟ್ಟರೆ ಕೂಡಿಸುವುದರ ಡೆಫಿನಿಷನ್ ಅಲ್ಲೇ ಬೀಳುತ್ತೆ. ಅದು ಎಡಗಡೆಯ ಸಂಖ್ಯೆಯನ್ನು ಬಿಡಿಸುತ್ತಾ ಹೋಗುತ್ತೆ. ಎಡಗಡೆ ಸೊನ್ನೆ ಇದ್ದರೆ ಉತ್ತರ ಸೀದಾ ಬಲಗಡೆಯದ್ದು. ಎಡಗಡೆ ಎನ್ ಅಂತ ಮಾತ್ರ ಇದ್ದರೆ ಬಿಡಿಸೋಕೆ ಏನೂ ಇಲ್ಲ. ಹಾಗಾಗಿ ಇಲ್ಲಿ ಇಂಡಕ್ಷನ್ ಬೇಕೇ ಬೇಕು: ಸೊನ್ನೆಗೆ ಸಾಧಿಸಿ, ಒಂದು ಸಂಖ್ಯೆಗೆ ನಿಜವಾದರೆ ಮುಂದಿನದಕ್ಕೂ ನಿಜ ಅಂತ ತೋರಿಸೋದು. ಕ್ಲಾಸಿನಲ್ಲಿ ಇಂಡಕ್ಷನ್ ಅಂದರೆ ಪರೀಕ್ಷೆಗೆ ಬರೆಯೋ ಮೂರು ಸಾಲಿನ ಶಾಸ್ತ್ರ ಅಂದುಕೊಂಡಿದ್ದವರಿಗೆ, ಅದಿಲ್ಲದೆ ಕೆಲಸ ನಡೆಯಲ್ಲ ಅನ್ನೋದು ಗೊತ್ತಾಗೋದು ಈ ಜಾಗದಲ್ಲಿ. ನನಗೆ ಇಡೀ ಕೋರ್ಸ್‌ನಲ್ಲಿ ತುಂಬಾ ಇಷ್ಟವಾದ ಘಳಿಗೆ ಇದು.

'ಇಂಡಕ್ಷನ್' ಕೊಟ್ಟ ಕೂಡಲೇ ಎರಡು ಗೋಲ್, ಅಂದರೆ ಸಾಧಿಸಬೇಕಾದ ಹೇಳಿಕೆಗಳು, ಬರುತ್ತವೆ. ಮೊದಲನೆಯದು 0 + 0 = 0, ಅದು ಸೀದಾ ಹೋಗುತ್ತೆ. ಎರಡನೆಯದರಲ್ಲಿ ಉದ್ದ ಗೆರೆಯ ಮೇಲೆ ನಮ್ಮ ಕೈಲಿರುವುದು: ಕೆ + 0 = ಕೆ. ಗೆರೆಯ ಕೆಳಗೆ ಸಾಧಿಸಬೇಕಾದ್ದು: ಎಸ್ ಕೆ + 0 = ಎಸ್ ಕೆ. ಎಸ್ ಅಂದರೆ ಮುಂದಿನ ಸಂಖ್ಯೆ. 'ಸಿಂಪ್ಲ್' ಅಂದರೆ ಎಸ್ ಹೊರಗೆ ಬಂದು ಎಸ್ (ಕೆ + 0) = ಎಸ್ ಕೆ ಆಗುತ್ತೆ. ಗೆರೆಯ ಮೇಲಿನದ್ದನ್ನು ಬಳಸಿ 'ರೀರೈಟ್' ಮಾಡಿದರೆ ಎರಡೂ ಕಡೆ ಎಸ್ ಕೆ. ಆಮೇಲೆ 'ರಿಫ್ಲೆಕ್ಸಿವಿಟಿ'. ಇನ್ನು ಗೋಲ್ ಇಲ್ಲ ಅನ್ನುತ್ತೆ, 'ಕ್ಯೂಇಡಿ' ಹೊಡೆಯುತ್ತೇವೆ. ಆ ಕ್ಯೂಇಡಿ ಬರೀ ಶೋಕಿಗಲ್ಲ. ನಾವು ಕೊಟ್ಟ ಕಮಾಂಡ್‌ಗಳೆಲ್ಲ ಸೇರಿ ಕಟ್ಟಿದ ಪ್ರೂಫನ್ನು ಕರ್ನೆಲ್ ಅನ್ನೋ ಪುಟ್ಟ ಭಾಗ ಆಗ ಇನ್ನೊಂದು ಸಲ ಮೊದಲಿಂದ ಪರೀಕ್ಷೆ ಮಾಡುತ್ತೆ. ಕಮಾಂಡ್‌ನಲ್ಲೇ ತಪ್ಪಿದ್ದರೂ ಅಲ್ಲಿ ಸಿಕ್ಕಿಬೀಳುತ್ತೆ.

ಇದೇ ಲೆಕ್ಕ ಕಾಕ್ ಜೊತೆ ಬರುವ ರೆಡಿ ಪ್ರೂಫ್‌ಗಳ ಲೈಬ್ರರಿಯಲ್ಲಿ ಇಲ್ಲವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 'ಸರ್ಚ್' ಕೊಟ್ಟರೆ ಸಿಗುತ್ತೆ, ಆದರೆ ಎನ್ = ಎನ್ + 0 ಅಂತ ತಿರುವುಮುರುವಾಗಿ. ನಮಗೆ ಎರಡೂ ಒಂದೇ. ಕಾಕ್‌ಗೆ ಅಲ್ಲ, 'ಸಿಮ್ಮೆಟ್ರಿ' ಅಂತ ಹೇಳಿ ತಿರುಗಿಸಿಕೊಳ್ಳಬೇಕು.

ಟರ್ಮಿನಲ್‌ನ ನಿಜವಾದ ಲಾಭ ಗೊತ್ತಾಗೋದು ಮುಂದಿನ ಲೆಕ್ಕದಲ್ಲಿ. ಒಂದು ಲಿಸ್ಟ್‌ನ ಸಂಖ್ಯೆಗಳನ್ನು ಕೂಡಿಸೋಕೆ ಎರಡು ಫಂಕ್ಷನ್ ಬರೆಸುತ್ತೇನೆ. 'ಮೊತ್ತ' ಅನ್ನೋದು ಮಾಮೂಲಿ. 'ಸಾಗು' ಅನ್ನೋದು ಇದುವರೆಗಿನ ಮೊತ್ತವನ್ನು ಎ ಅಂತ ಕೈಲಿ ಹಿಡಿದುಕೊಂಡು ಮುಂದೆ ಹೋಗುತ್ತೆ. ಸಾಧಿಸಬೇಕಾದ್ದು: ಸಾಗು ಎಲ್ ಎ = ಎ + ಮೊತ್ತ ಎಲ್. ಮಕ್ಕಳು ಎಲ್, ಎ ಎರಡನ್ನೂ ಇಂಟ್ರೋಸ್ ಮಾಡಿ, ಎಲ್ ಮೇಲೆ ಇಂಡಕ್ಷನ್ ಹೊಡೆಯುತ್ತಾರೆ. ಖಾಲಿ ಲಿಸ್ಟ್‌ಗೆ ಎ = ಎ + 0 ಬರುತ್ತೆ. ಲೈಬ್ರರಿಯ ಆ ತಿರುವುಮುರುವು ಲೆಮ್ಮಾ (ಸಣ್ಣ ಪ್ರಮೇಯ) ಇಲ್ಲಿ ಸರಿಯಾಗಿ ಕೂರುತ್ತೆ. ಎರಡನೇ ಗೋಲ್‌ನಲ್ಲಿ ಗಾಡಿ ನಿಲ್ಲುತ್ತೆ. ಗೆರೆಯ ಮೇಲೆ ಇರುವುದು 'ಸಾಗು ಎಲ್ ಎ'. ಕೆಳಗೆ ಇರುವುದು 'ಸಾಗು ಎಲ್ (ಎ + ಎಕ್ಸ್)'. ರೀರೈಟ್ ಮಾಡೋಕೆ ಹೋದರೆ ಅಂಥದ್ದು ಇಲ್ಲಿಲ್ಲ ಅನ್ನುತ್ತೆ.

ಆಗ 'ರೀಸ್ಟಾರ್ಟ್'. ಪ್ರೂಫ್ ಮೊದಲಿಗೆ ಬರುತ್ತೆ. ಈ ಸಲ ಎಲ್ ಒಂದನ್ನೇ ಇಂಟ್ರೋಸ್ ಮಾಡಿ, ಎ ಅನ್ನು ಹಾಗೇ ಬಿಟ್ಟು ಇಂಡಕ್ಷನ್. ಈಗ ಗೆರೆಯ ಮೇಲಿನ ಸಾಲಿನಲ್ಲಿ ಮುಂದೆ ಒಂದು ಪದ ಜಾಸ್ತಿ ಇದೆ: 'ಫಾರ್‌ಆಲ್ ಎ', ಅಂದರೆ ಎ ಯಾವುದೇ ಇರಲಿ. ಎ ಜಾಗದಲ್ಲಿ ಎ + ಎಕ್ಸ್ ಹಾಕಬಹುದು. ರೀರೈಟ್ ಆಗುತ್ತೆ, ಉಳಿದ ಕೂಡಿಸೋ ಲೆಕ್ಕ 'ಲಿಯಾ' ಅನ್ನೋ ಕಮಾಂಡ್ ಪಾಲಿಗೆ.

ಎಡಿಟರ್‌ಗಳಲ್ಲಿ ಗೋಲ್ ತೋರಿಸೋಕೆ ಬೇರೆ ಕಿಟಕಿ ಇರುತ್ತೆ. ಹೊಸದು ಬಂದರೆ ಹಳೆಯದು ಹೋಯಿತು. ಟರ್ಮಿನಲ್‌ನಲ್ಲಿ ಸಿಕ್ಕಿಕೊಂಡ ಪ್ರೂಫ್ ಮೇಲೆ, ದಾಟಿದ ಪ್ರೂಫ್ ಕೆಳಗೆ, ಎರಡೂ ಒಂದೇ ಪರದೆಯಲ್ಲಿ ಉಳಿದಿರುತ್ತವೆ. ಸ್ಕ್ರೋಲ್ ಮಾಡಿ "ನೋಡಮ್ಮ, ಈ ಸಾಲಿಗೂ ಈ ಸಾಲಿಗೂ ಏನು ವ್ಯತ್ಯಾಸ?" ಅಂತ ಕೇಳಿದರೆ ಸಾಕು. ಇಂಡಕ್ಷನ್ ಹೈಪಾಥಿಸಿಸ್ (ಗೆರೆಯ ಮೇಲೆ ನಮ್ಮ ಕೈಲಿರುವ ಆ ಸಾಲು) ಗಟ್ಟಿ ಇರಬೇಕು ಅಂತ ನಾನು ಬೋರ್ಡ್ ಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಅದು. 'ಸ್ಕ್ರಿಪ್ಟ್' ಅನ್ನೋ ಲಿನಕ್ಸ್ ಕಮಾಂಡ್ ಓಡಿಸಿ ಶುರು ಮಾಡಿದರೆ ಇಡೀ ಮಾತುಕತೆ ಫೈಲ್‌ಗೆ ಹೋಗುತ್ತೆ. ಬಸ್ ಹಿಡಿಯೋಕೆ ಓಡುವವರು ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗುತ್ತಾರೆ.

ಹೀಗೆ ಮಷಿನ್ ಜೊತೆ ಒಂದೊಂದೇ ಸಾಲು ಮಾತಾಡಿ ಪ್ರೂಫ್ ಕಟ್ಟೋದು ಹಳೆಯ ದಾರಿ. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮತ್ತು ಜೊತೆಯವರು ಎಲ್‌ಸಿಎಫ್ ಪ್ರೂವರ್‌ಗೆ ಆಜ್ಞೆ ಕೊಡೋಕೆ ಅಂತಲೇ ಎಂಎಲ್ ಭಾಷೆ ಮಾಡಿಕೊಂಡರು. ಜಾನ್ ಹ್ಯಾರಿಸನ್ ಅವರ ಹೋಲ್ ಲೈಟ್ ಪ್ರೂವರ್‌ನಲ್ಲಿ ಇವತ್ತಿಗೂ ಓಕ್ಯಾಮಲ್ ಭಾಷೆಯ ಪ್ರಾಂಪ್ಟ್‌ನಲ್ಲೇ (ಕಮಾಂಡ್ ಕೇಳುತ್ತಾ ಕೂರುವ ಸಾಲು) ಕೂರುತ್ತಾರೆ: ಗೋಲ್ ಇಡೋಕೆ ಜಿ, ಮುಂದೆ ಹೋಗೋಕೆ ಇ, ಹಿಂದೆ ಬರೋಕೆ ಬಿ. ಚೆಂಡುಗಳನ್ನು ಅತಿ ಒತ್ತೊತ್ತಾಗಿ ಜೋಡಿಸುವ ಬಗೆಗಿನ ಕೆಪ್ಲರ್ ಊಹೆಯ ಪ್ರೂಫ್ 2014ರಲ್ಲಿ ಮುಗಿದಾಗ ಅದರ ಬಹುಪಾಲು ಈ ಹೋಲ್ ಲೈಟ್‌ನಲ್ಲೇ ಇತ್ತು. ಲೀನ್ ಅನ್ನೋ ಪ್ರೂವರ್ ಬೇರೆ ಥರ. ಅದು ಎಡಿಟರ್ ಜೊತೆ ಬಳಸೋಕೆ ಅಂತ ಬೆಳೆದದ್ದು, ಇಂಥ ಪ್ರಾಂಪ್ಟ್ ಅದರ ಜೊತೆ ಬರಲ್ಲ. ಲೀನ್ ಕಲಿಯುವವರಿಗೆ ನಾನು ಎಡಿಟರನ್ನೇ ಹೇಳುತ್ತೇನೆ.

ನನ್ನ ಸ್ವಂತ ಕೆಲಸಕ್ಕೆ ಎರಡು ಟರ್ಮಿನಲ್ ಬೇಕು. ಒಂದರಲ್ಲಿ ಫೈಲ್ ಬರೆಯೋಕೆ ವಿಮ್, ಇನ್ನೊಂದರಲ್ಲಿ ಕಾಕ್‌ಟಾಪ್. ಪ್ರಾಂಪ್ಟ್‌ನಲ್ಲಿ ಹೊಡೆದು ನೋಡುತ್ತೇನೆ, ಸರಿ ಹೋದ ಸಾಲನ್ನು ಮಾತ್ರ ಫೈಲಿಗೆ ಏರಿಸುತ್ತೇನೆ. 'ಅನ್‌ಡು', 'ರೀಸ್ಟಾರ್ಟ್' ಇವೆಲ್ಲ ಪ್ರಾಂಪ್ಟ್‌ನಲ್ಲೇ ಉಳಿಯಬೇಕು, ಫೈಲಿಗೆ ಬರಬಾರದು. ಎಲ್ಲ ಆದ ಮೇಲೆ 'ಕಾಕ್‌ಸಿ' ಕಮಾಂಡ್‌ನಿಂದ ಇಡೀ ಫೈಲನ್ನು ಮೊದಲಿಂದ ಓಡಿಸುತ್ತೇನೆ. ಸರಿ ಇದ್ದರೆ ಅದು ಏನೂ ಹೇಳದೆ ಪ್ರಾಂಪ್ಟ್ ವಾಪಸ್ ಕೊಡುತ್ತೆ. ಇಷ್ಟಕ್ಕೂ ನೆಟ್ ಬೇಕಿಲ್ಲ. ಯಲಿಯೂರು ದಾಟುವಾಗ ಸಿಗ್ನಲ್ ಇದೆಯಾ ಇಲ್ಲವಾ ಅಂತ ಯೋಚನೆ ಮಾಡದೆ ರೈಲಿನಲ್ಲೇ ಎಷ್ಟೋ ಲೆಮ್ಮಾ ಮುಗಿಸಿದ್ದೇನೆ. ಫೈಲ್ ತುಂಬಾ ಉದ್ದವಾದಾಗ ಮಾತ್ರ ಎಡಿಟರ್‌ಗೆ ಹೋಗುತ್ತೇನೆ. ನೂರಾರು ಸಾಲಿನ ಪ್ರೂಫ್‌ನ ನಡುವೆ ಒಂದು ಡೆಫಿನಿಷನ್ ಬದಲಾದರೆ ಟರ್ಮಿನಲ್‌ನಲ್ಲಿ ಸುಧಾರಿಸೋದು ಕಷ್ಟ.

ಮಕ್ಕಳ ಹೋಮ್‌ವರ್ಕ್ ನೋಡೋದೂ ಹೀಗೇ. ಎಲ್ಲರ ಫೈಲನ್ನೂ ಒಂದು ಲೂಪ್‌ನಲ್ಲಿ ಕಾಕ್‌ಸಿಗೆ ಕೊಡುತ್ತೇನೆ. ಪಾಸಾಯಿತು ಅಂದರೆ ಮುಗಿಯಲಿಲ್ಲ. 'ಅಡ್ಮಿಟೆಡ್' ಅಂತ ಬರೆದರೆ ಪ್ರೂಫ್ ಇಲ್ಲದೆಯೂ ಫೈಲ್ ದಾಟುತ್ತೆ. ಅದಕ್ಕೆ 'ಪ್ರಿಂಟ್ ಅಸಂಪ್ಷನ್ಸ್' ಕೊಟ್ಟು, ಆ ಥಿಯರಮ್ ಯಾವುದನ್ನು ಸುಮ್ನೆ ನಂಬಿಕೊಂಡಿದೆ ಅಂತ ನೋಡುತ್ತೇನೆ. ಅದೂ ಸರಿ ಇದ್ದರೆ ಪ್ರೂಫ್‌ನ ಸಾಲುಗಳನ್ನು ಓದೋಕೆ ಹೋಗಲ್ಲ, ಥಿಯರಮ್‌ನ ಹೇಳಿಕೆಯನ್ನು ಮಾತ್ರ ನಿಧಾನವಾಗಿ ಓದುತ್ತೇನೆ. ಸಾರ್ಟ್ ಮಾಡುವ ಫಂಕ್ಷನ್ ಬಗ್ಗೆ 'ಉತ್ತರದ ಲಿಸ್ಟ್ ಏರಿಕೆಯ ಕ್ರಮದಲ್ಲಿರುತ್ತೆ' ಅಂತ ಮಾತ್ರ ಬರೆದರೆ, ಯಾವಾಗಲೂ ಖಾಲಿ ಲಿಸ್ಟ್ ಕೊಡುವ ಫಂಕ್ಷನ್ ಕೂಡ ಅದಕ್ಕೆ ಸರಿ ಹೋಗುತ್ತೆ. ಮೊದಲಿದ್ದ ಸಂಖ್ಯೆಗಳೇ ಅಷ್ಟೂ ಉಳಿದಿವೆ ಅಂತಲೂ ಬರೆಯಬೇಕು. ಅದನ್ನು ಬಿಟ್ಟಿದ್ದೀರಿ ಅಂತ ಕಾಕ್ ಹೇಳಲ್ಲ, ನಾನೇ ಕೂರಿಸಿಕೊಂಡು ಹೇಳಬೇಕು.