ಥಾಯ್ಲೆಂಡ್‌ನಲ್ಲಿ ಕೂತು ಬೆಂಗಳೂರಿನ ಕೆಲಸ: ಮೊದಲು ಆಫೀಸಿನ ಪತ್ರ ಸರಿಮಾಡಿಕೊಳ್ಳಿ

ಹೊರದೇಶದ ಆಫೀಸಿಗೆ ಆನ್‌ಲೈನಿನಲ್ಲಿ ದುಡಿಯುತ್ತಾ ಥಾಯ್ಲೆಂಡ್‌ನಲ್ಲಿ ಇರಲು ಬಿಡುವ ಡಿಟಿವಿ ವೀಸಾಕ್ಕೆಂದು ನಾನು ಮೊದಲ ಸಲ ಬರೆದುಕೊಟ್ಟ ಪತ್ರವೇ ತಪ್ಪಾಗಿತ್ತು. ಎಚ್‌ಆರ್‌ನಲ್ಲಿ ಬಹಳ ವರ್ಷ ಇದ್ದವಳು ನಾನು. 'ಇವರು ನಮ್ಮ ಸಂಸ್ಥೆಯ ನೌಕರರು, ಇವರ ಕೋರಿಕೆಯ ಮೇರೆಗೆ ಈ ಪತ್ರ ನೀಡಲಾಗಿದೆ' ಎಂಬ ಮಾಮೂಲಿ ಪ್ರತಿಯಲ್ಲಿ ಹೆಸರು ಬದಲಿಸಿ, ಸೀಲು ಒತ್ತಿ ಕೊಟ್ಟುಬಿಟ್ಟೆ. ಹುಡುಗನ ಅರ್ಜಿ ತಿರಸ್ಕೃತವಾಯಿತು. ಕಟ್ಟಿದ ಶುಲ್ಕವೂ ಹೋಯಿತು, ಅದನ್ನು ವಾಪಸ್ ಕೊಡುವುದಿಲ್ಲ. ಆಮೇಲೆ ಗಮನಿಸುತ್ತಾ ಬಂದೆ. ಜನ ಫೋಟೊ ಅಳತೆಗೆ ತಲೆ ಕೆಡಿಸಿಕೊಳ್ಳುತ್ತಾರೆ, ಬೀಚಿನ ಪಕ್ಕ ಮನೆ ಹುಡುಕುತ್ತಾರೆ, ಆಫೀಸಿನ ಕಾಗದ ಮಾತ್ರ ಕೊನೆಯ ದಿನಕ್ಕೆ.

ಥಾಯ್ಲೆಂಡೇ ಏಕೆ ಎಂದರೆ ಲೆಕ್ಕ ಸರಳ. ಇಂಥದೇ ಆದ ಪೋರ್ಚುಗಲ್‌ನ ಡಿ8 ವೀಸಾ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ಕೇಳುತ್ತದೆ, 2025ರಲ್ಲಿ ತಿಂಗಳಿಗೆ 3,480 ಯೂರೊ. ಮಲೇಷ್ಯಾದ ಡಿಇ ರಂತಾವ್ ಎಂಬ ವೀಸಾ ಐಟಿಯವರಿಗೆ ವರ್ಷಕ್ಕೆ 24,000 ಡಾಲರ್ ಎನ್ನುತ್ತದೆ. 2024ರ ಜುಲೈನಲ್ಲಿ ಶುರುವಾದ ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ, ಅಂದರೆ ಡಿಟಿವಿ, ಸಂಬಳಕ್ಕೆ ಕನಿಷ್ಠ ಮಿತಿ ಇಟ್ಟಿಲ್ಲ. ಖಾತೆಯಲ್ಲಿ 5 ಲಕ್ಷ ಬಾಹ್ತ್ ಇರಬೇಕು, ವಯಸ್ಸು 20 ತುಂಬಿರಬೇಕು. ವೀಸಾ ಐದು ವರ್ಷದ್ದು, ಪ್ರತಿ ಪ್ರವೇಶಕ್ಕೆ 180 ದಿನ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿರುವುದರಿಂದ ಬೆಂಗಳೂರಿನ ಒಂಬತ್ತೂವರೆಯ ಮೀಟಿಂಗು ಅಲ್ಲಿ ಹನ್ನೊಂದಕ್ಕೆ. ಬೆಳಗ್ಗೆ ಬೇಗ ಏಳಲಾಗದವರಿಗೆ ಇದಕ್ಕಿಂತ ಒಳ್ಳೆಯ ದೇಶ ನನಗೆ ಗೊತ್ತಿಲ್ಲ.

ಹಂತ 1: ಖಾತೆಯಲ್ಲಿ ಹಣ ಕೂರಲಿ

ಬಾಹ್ತ್‌ಗೆ ಎರಡು ಮುಕ್ಕಾಲು ರೂಪಾಯಿ ಎಂದು ಹಿಡಿದರೆ ಹದಿನಾಲ್ಕು ಲಕ್ಷದ ಹತ್ತಿರ ಬರುತ್ತದೆ. ದರ ಏರಿಳಿಯುತ್ತದೆ, ಹದಿನಾರು ಇಟ್ಟುಕೊಳ್ಳಿ. ಎಫ್‌ಡಿ, ಮ್ಯೂಚುವಲ್ ಫಂಡ್ ಬೇಡ, ಉಳಿತಾಯ ಖಾತೆಯಲ್ಲೇ ಇರಲಿ. ಮೂರರಿಂದ ಆರು ತಿಂಗಳ ಸ್ಟೇಟ್‌ಮೆಂಟ್ ಕೊಡುವ ಹಾಗೆ ಮೊದಲೇ ಹಾಕಿಡಿ. ಹೋದ ವಾರ ಸೋದರಮಾವನಿಂದ ಬಂದ ಹನ್ನೆರಡು ಲಕ್ಷ ಸ್ಟೇಟ್‌ಮೆಂಟಿನಲ್ಲಿ ಮದುವೆ ಮನೆಯ ಸೀರಿಯಲ್ ಲೈಟಿನಂತೆ ಎದ್ದು ಕಾಣುತ್ತದೆ. ಈ ಹಣವನ್ನು ಥಾಯ್ಲೆಂಡ್‌ಗೆ ಕಳಿಸಬೇಕು ಎಂದುಕೊಂಡವರೂ ಇದ್ದಾರೆ. ಬೇಕಿಲ್ಲ, ಇಲ್ಲಿನ ಬ್ಯಾಂಕಿನಲ್ಲಿದ್ದರೆ ಸಾಕು. ಸುಮ್ಮನೆ ಕಳಿಸಹೋದರೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಅಲ್ಲಿಯವರೆಗೆ ದುಡ್ಡು ಕೈಗಿಲ್ಲ.

ಹಂತ 2: ಆಫೀಸಿನ ಪತ್ರ

ಇಲ್ಲಿ ನಿಧಾನಿಸಿ.

'ವರ್ಕ್ ಫ್ರಂ ಹೋಮ್ ಇದೆಯಲ್ಲ' ಎನ್ನುವುದು ಮೊದಲ ತಪ್ಪು. ಮನೆ ಎಂದು ಕಂಪನಿ ಬರೆದಿರುವುದು ಭಾರತದ ಮನೆಯನ್ನು. ನೀವು ಬೇರೆ ದೇಶದಲ್ಲಿ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದರೆ, ಆ ದೇಶದ ತೆರಿಗೆಯವರು ಕಂಪನಿಗೇ ಅಲ್ಲೊಂದು ಕಾಯಂ ನೆಲೆ ಇದೆ ಎಂದು ಹಿಡಿದು ತೆರಿಗೆ ಕೇಳಬಹುದೆಂಬ ಅಂಜಿಕೆ ಫೈನಾನ್ಸಿನವರಿಗೆ. ಡೇಟಾ ಭಾರತದಿಂದಾಚೆ ಹೋಗಬಾರದು ಎಂದು ಗ್ರಾಹಕ ಕಂಪನಿ ಒಪ್ಪಂದದಲ್ಲೇ ಬರೆಸಿಕೊಂಡಿರಬಹುದು. ಎಚ್‌ಆರ್‌ನವರು ನಿಮ್ಮನ್ನು ಸತಾಯಿಸಲು 'ನೋಡೋಣ' ಎನ್ನುವುದಿಲ್ಲ, ಇದಕ್ಕೆ ಅನುಮತಿ ಕೊಡುವ ಅಧಿಕಾರ ಅವರ ಕೈಯಲ್ಲಿಲ್ಲ.

ಹಾಗಾಗಿ ಕೇಳುವ ಕ್ರಮ ಮುಖ್ಯ. ಮೊದಲು ಮ್ಯಾನೇಜರ್. ಆಮೇಲೆ ಐಟಿ ಸೆಕ್ಯುರಿಟಿ. ಅದಾದ ಮೇಲೆ ಫೈನಾನ್ಸ್ ಮತ್ತು ಲೀಗಲ್. ಎಚ್‌ಆರ್ ಕೊನೆಗೆ. ಎಲ್ಲವೂ ಇಮೇಲಿನಲ್ಲೇ ಆಗಬೇಕು. ಕ್ಯಾಂಟೀನಿನಲ್ಲಿ 'ಹೋಗಿ ಬಾರಪ್ಪ' ಎಂದದ್ದು ಲೆಕ್ಕಕ್ಕಿಲ್ಲ. ಕೇಳುವಾಗ ದಿನಾಂಕ ಹೇಳಿ, ಊರು ಹೇಳಿ. 'ಸ್ವಲ್ಪ ದಿನ ಹೊರಗಡೆ' ಎಂದರೆ ಯಾರೂ ಸಹಿ ಹಾಕುವುದಿಲ್ಲ.

ಪತ್ರದಲ್ಲಿ ಇರಬೇಕಾದದ್ದು: ನಿಮ್ಮ ಹುದ್ದೆ, ಸೇರಿದ ದಿನಾಂಕ, ಸಂಬಳ. ನಿಮ್ಮ ಕೆಲಸ ಪೂರ್ತಿ ಆನ್‌ಲೈನಿನಲ್ಲಿ ನಡೆಯುವಂಥದ್ದು ಎಂಬ ಒಂದು ವಾಕ್ಯ. ಭಾರತದ ಹೊರಗೆ, ಹೆಸರು ಹೇಳಿಯೇ ಥಾಯ್ಲೆಂಡ್‌ನಲ್ಲಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಕೆಲಸ ಮಾಡಲು ಕಂಪನಿ ಒಪ್ಪಿದೆ ಎಂಬ ಇನ್ನೊಂದು ವಾಕ್ಯ. ಸಂಬಳ ಭಾರತದಿಂದಲೇ ಬರುತ್ತದೆ, ಥಾಯ್ ಕಂಪನಿಗಾಗಿ ಕೆಲಸ ಮಾಡುವುದಿಲ್ಲ ಎಂಬ ಮೂರನೆಯದು. ಈ ವೀಸಾದಲ್ಲಿ ಅಲ್ಲಿನ ಕಂಪನಿಗೆ ದುಡಿಯುವಂತಿಲ್ಲ. ಕೆಳಗೆ ಸಹಿ ಹಾಕಿದವರ ಹೆಸರು, ಹುದ್ದೆ, ಕಂಪನಿಯ ಇಮೇಲ್, ಎತ್ತುವಂಥ ಫೋನ್ ನಂಬರ್. ರಿಸೆಪ್ಶನ್ ನಂಬರ್ ಬೇಡ. ಜೊತೆಗೆ ಸಂಬಳದ ಚೀಟಿ, ಕಂಪನಿಯ ನೋಂದಣಿ ಪತ್ರದ ಪ್ರತಿ. ನನ್ನ ಮೊದಲ ಪತ್ರದಲ್ಲಿ ಆ ಮೂರು ವಾಕ್ಯಗಳಲ್ಲಿ ಒಂದೂ ಇರಲಿಲ್ಲ.

ಎರಡನೆಯ ಸಲ ಪತ್ರ ಸರಿಯಾಗಿಯೇ ಬರೆದೆ. ಹುಡುಗಿಗೆ ವೀಸಾ ಬಂತು, ಭಾನುವಾರ ಉತ್ತರ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಇಳಿದಳು. ಸೋಮವಾರ ಲಾಗಿನ್ ಆಗಹೋದರೆ ಕೆಂಪು ಅಕ್ಷರದಲ್ಲಿ 'ಈ ಪ್ರದೇಶದಿಂದ ಪ್ರವೇಶವಿಲ್ಲ'. ಆಫೀಸಿನ ಜಾಲಕ್ಕೆ ಸೇರಿಸುವ ಕಂಪನಿಯ ವಿಪಿಎನ್ ಹೊರದೇಶಗಳನ್ನೆಲ್ಲ ತಡೆದಿತ್ತು. ಸೆಕ್ಯುರಿಟಿ ತಂಡಕ್ಕೆ ಒಂದು ಮಾತು ಹೇಳಬೇಕೆಂದು ಮ್ಯಾನೇಜರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಒಂಬತ್ತು ದಿನ ರಜೆ ಹಾಕಿ ಕಾದು ವಾಪಸ್ ಬಂದಳು, ಮನೆಯ ಅಡ್ವಾನ್ಸ್ ಅಲ್ಲೇ ಹೋಯಿತು. ಮೇಲಿನ ಪಟ್ಟಿಯಲ್ಲಿ ಐಟಿ ಸೆಕ್ಯುರಿಟಿ ಎರಡನೆಯ ಜಾಗಕ್ಕೆ ಬಂದಿದ್ದು ಹಾಗೆ.

ಇದಕ್ಕೊಂದು ಅಡ್ಡದಾರಿ ಚಾಲ್ತಿಯಲ್ಲಿದೆ. ಮನೆಯಲ್ಲಿ ರೂಟರ್ ಇಟ್ಟು, ಅದರ ಮೂಲಕ ಹಾದು, ಜಯನಗರದಲ್ಲೇ ಕೂತಿರುವಂತೆ ತೋರಿಸಿಕೊಳ್ಳುವುದು. ಅದಕ್ಕೆಂದೇ ಪುಟ್ಟ ಡಬ್ಬಿಗಳನ್ನು ಮಾರುತ್ತಾರೆ. ದಯವಿಟ್ಟು ಬೇಡ. ಬೆಸ್ಕಾಂ ಒಂದು ಮಧ್ಯಾಹ್ನ ಕರೆಂಟ್ ತೆಗೆದರೆ ಸಾಕು, ಅಮ್ಮನಿಗೆ ಫೋನ್ ಮಾಡಿ 'ಹಿಂದಿನ ಹಸಿರು ಲೈಟು ಹತ್ತಿದೆಯಾ ನೋಡು' ಎನ್ನುವ ಪಾಡು. ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತದೆ, ನಾನು ಅಂಥ ಎರಡು ಕಡತ ನೋಡಿದ್ದೇನೆ.

ಸ್ವಂತವಾಗಿ ಪ್ರಾಜೆಕ್ಟ್ ಮಾಡುವ ಫ್ರೀಲ್ಯಾನ್ಸರ್‌ಗಳಿಗೆ ಈ ಕಷ್ಟವಿಲ್ಲ. ಗ್ರಾಹಕರೊಂದಿಗಿನ ಒಪ್ಪಂದ, ಇನ್‌ವಾಯ್ಸ್‌ಗಳು, ಆ ಹಣ ಖಾತೆಗೆ ಬಂದ ದಾಖಲೆ, ಮಾಡಿದ ಕೆಲಸದ ಮಾದರಿ ಸಾಕು. ಇನ್‌ವಾಯ್ಸಿನ ಮೊತ್ತವೂ ಸ್ಟೇಟ್‌ಮೆಂಟಿನ ಮೊತ್ತವೂ ತಾಳೆಯಾಗಲಿ.

ಹಂತ 3: ಅರ್ಜಿ

ಥಾಯ್ ಇ-ವೀಸಾ ತಾಣದಲ್ಲಿ, ಥಾಯ್ಲೆಂಡ್‌ನಿಂದ ಹೊರಗಿರುವಾಗಲೇ, ನೀವೇ ಹಾಕಿ. ಶುಲ್ಕ 10,000 ಬಾಹ್ತ್ ಮಟ್ಟದ್ದು, ರೂಪಾಯಿಯಲ್ಲಿ ಕಟ್ಟುತ್ತೀರಿ. ಏಜೆಂಟ್ ಬೇಕಿಲ್ಲ. 'ವೀಸಾ ಜೊತೆ ಅಲ್ಲೇ ಡೇಟಾ ಎಂಟ್ರಿ ಕೆಲಸವನ್ನೂ ಕೊಡಿಸುತ್ತೇವೆ' ಎನ್ನುವವನು ಸಿಕ್ಕರೆ ಫೋನ್ ಇಟ್ಟುಬಿಡಿ. ಐಟಿ ಹುಡುಗರನ್ನು ಹೀಗೆ ಬ್ಯಾಂಕಾಕಿಗೆ ಕರೆಸಿ ಮ್ಯಾನ್ಮಾರ್ ಗಡಿಯ ಮ್ಯಾವಡ್ಡಿಯ ಸೈಬರ್ ವಂಚನೆ ಅಡ್ಡೆಗಳಿಗೆ ಸಾಗಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಶನ್‌ನವರು ನಾಲ್ಕು ಪ್ರಶ್ನೆ ಕೇಳಿದರೆ ಬೇಸರಿಸಬೇಡಿ. ಅದೇ ಆಫೀಸಿನ ಪತ್ರದ ಪ್ರತಿ ಕೈಚೀಲದಲ್ಲಿರಲಿ.

ಹಂತ 4: ಹೊರಡುವಾಗ, ಇಳಿದ ಮೇಲೆ

ಥಾಯ್ಲೆಂಡ್ ತಲುಪುವ ಮುಂಚಿನ ಮೂರು ದಿನದೊಳಗೆ ಟಿಡಿಎಸಿ ಎಂಬ ಡಿಜಿಟಲ್ ಆಗಮನ ಚೀಟಿ ತುಂಬಬೇಕು. 2025ರ ಮೇ 1ರಿಂದ ಇದು ಕಡ್ಡಾಯ, ಉಚಿತ. ಹುಡುಕಿದಾಗ ಮೇಲೆಯೇ ಬರುವ, ದುಡ್ಡು ಕೇಳುವ ತಾಣಗಳೆಲ್ಲ ಟೋಪಿ.

ಮನೆಗೆ ಸಾಮಾನ್ಯವಾಗಿ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ. ಹತ್ತು ತಿಂಗಳು ಎಣಿಸಿ ಅಭ್ಯಾಸವಾದ ಬೆಂಗಳೂರಿನವರು ಖುಷಿಯಲ್ಲಿ ಆಗಲೇ ಕೊಟ್ಟುಬಿಡುತ್ತಾರೆ. ಕೊಡುವ ಮೊದಲು 'ಟಿಎಂ30 ಮಾಡಿಸುತ್ತೀರಾ' ಎಂದು ಕೇಳಿ. ವಿದೇಶಿಯೊಬ್ಬ ತನ್ನ ಮನೆಯಲ್ಲಿದ್ದಾನೆ ಎಂದು ಮಾಲೀಕ 24 ಗಂಟೆಯೊಳಗೆ ಇಮಿಗ್ರೇಶನ್‌ಗೆ ತಿಳಿಸುವ ದಾಖಲೆ ಅದು. ತಡವರಿಸಿದರೆ ಬೇರೆ ಮನೆ ನೋಡಿ. ತೊಂಬತ್ತು ದಿನ ಒಂದೇ ಸಮನೆ ಇದ್ದರೆ ವಿಳಾಸ ವರದಿಯನ್ನು ನೀವೇ ಕೊಡಬೇಕು.

ದಿನಗಳನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಇದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ. 2024ರಿಂದ ಈಚೆಗೆ ಗಳಿಸಿ ಒಳಗೆ ತಂದ ಹೊರಗಿನ ಆದಾಯಕ್ಕೂ ತೆರಿಗೆ ಬರಬಹುದು. ಭಾರತದ ತೆರಿಗೆ ನಿವಾಸಿ ಯಾರೆಂದು ನೋಡುವ ಇಲ್ಲಿನ 182 ದಿನದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ಗೆ, ಅಲ್ಲಿನದು ಜನವರಿಯಿಂದ ಡಿಸೆಂಬರ್‌ಗೆ. ಟಿಕೆಟ್ ತೆಗೆಯುವ ಮೊದಲೇ ಸಿಎ ಹತ್ತಿರ ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿಸಿ.

ನನ್ನನ್ನು ಕೇಳಿದರೆ ಜುಲೈ ಮಧ್ಯದ ನಂತರ ಹೊರಡಿ. ಆ ವರ್ಷ 180 ಮುಟ್ಟುವುದಿಲ್ಲ. ಚಿಯಾಂಗ್ ಮಾಯ್ ಮಳೆಯಲ್ಲಿ ಹಸಿರಾಗಿರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡುವ ಹೊಗೆ ಆ ಊರನ್ನು ಮುಚ್ಚುತ್ತದೆ, ಎದುರಿನ ಬೆಟ್ಟವೇ ಕಾಣದ ದಿನಗಳಿರುತ್ತವೆ. ಆಗ ದಕ್ಷಿಣದ ಕಡೆ ಸರಿಯಿರಿ.

ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ. ಏರ್‌ಪೋರ್ಟಿನ 'ಎಲ್ಲ ದೇಶಕ್ಕೂ ಒಂದೇ' ಅಡಾಪ್ಟರ್ ಲ್ಯಾಪ್‌ಟಾಪ್ ಚಾರ್ಜರಿನ ಭಾರಕ್ಕೆ ಜೋತುಬೀಳುತ್ತದೆ. ಅಲ್ಲೇ ಒಂದು ಪವರ್ ಕಾರ್ಡ್ ಕೊಳ್ಳಿ. ಸಸ್ಯಾಹಾರಿಗಳು 'ವೆಜ್' ಎಂದರೆ ಮೀನಿನ ಸಾಸ್ ಹಾಕಿದ ಸೊಪ್ಪಿನ ಪಲ್ಯ ಬರುತ್ತದೆ. 'ಕಿನ್ ಜೇ' ಎನ್ನಿ, ಮಾಂಸ ಮೀನು ಏನೂ ಇಲ್ಲದ ಊಟ ಎಂದರ್ಥ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿ ಕಂಡರೆ ಒಳಗೆ ಹೋಗಿ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.