ಮಲೆನಾಡಿನ ಅಡುಗೆಮನೆಗೆ ಟೈಲ್ಸೋ, ಮರದ ನೆಲವೋ?

ಸಾಗರ, ಹೊಸನಗರದ ಕಡೆ ಮನೆ ಕಟ್ಟಿಸಿಕೊಡುವುದು ನನ್ನ ಕೆಲಸ. ಈಚೆಗೆ ಹೊಸ ಮನೆಯ ಮಾತು ಬಂದಾಗೆಲ್ಲ ಯಾರಾದರೂ ಕೇಳುತ್ತಾರೆ: ಅಡುಗೆಮನೆಗೂ ಮರದ ನೆಲ ಹಾಕಿಸಿದರೆ ಹೇಗೆ? ಮರದ ನೆಲ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ದಿನ ನಿಮ್ಮ ಈಗಿನ ಅಡುಗೆಮನೆಯ ನೆಲದ ಮೇಲೆ ಏನೇನು ಬೀಳುತ್ತದೆ ಎಂದು ಗಮನಿಸಿ. ಅಕ್ಕಿ ತೊಳೆದ ನೀರು, ಒಗ್ಗರಣೆಯಿಂದ ಸಿಡಿದ ಎಣ್ಣೆ, ಅರಿಶಿನ, ದೋಸೆ ಹಿಟ್ಟು. ರಾತ್ರಿ ಊಟ ಮುಗಿದ ಮೇಲೆ ನೆಲ ಒರೆಸುತ್ತೀರೋ, ನೀರು ಹೊಯ್ದು ತೊಳೆಯುತ್ತೀರೋ? ತೊಳೆಯುವ ಮನೆಯಾದರೆ ಮುಂದೆ ಯೋಚಿಸುವುದೇ ಬೇಡ, ಟೈಲ್ಸೇ ಹಾಕಿಸಿ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಂಬ, ತೊಲೆ, ಮುಚ್ಚಿಗೆ, ನಾಗಂದಿಗೆ ಎಲ್ಲವೂ ಮರ. ಅಡುಗೆಮನೆಯ ನೆಲ ಮಾತ್ರ ಸಗಣಿ ಸಾರಿಸಿದ ಮಣ್ಣು, ಆಮೇಲೆ ರೆಡ್ ಆಕ್ಸೈಡ್. ಮರ ಧಾರಾಳವಾಗಿ ಸಿಗುತ್ತಿದ್ದ ಕಾಲದಲ್ಲೂ ಹಿರಿಯರು ಅದನ್ನು ಬಚ್ಚಲ ಹತ್ತಿರ, ಒಲೆಯ ಹತ್ತಿರ ಹಾಸಲಿಲ್ಲ. ಮರ ಗಾಳಿಯ ತೇವವನ್ನು ಎಳೆದುಕೊಂಡು ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಊರಿನಲ್ಲಿ ಹಲಗೆಯ ಅಂಚು ಮೇಲೇಳುತ್ತದೆ, ಫೆಬ್ರವರಿ ಹೊತ್ತಿಗೆ ಸಂದು ಬಿಡುತ್ತದೆ. ಆ ಸಂದಿಗೆ ಸಾರು ಇಳಿದರೆ ತೆಗೆಯುವ ದಾರಿಯಿಲ್ಲ. ಜೊತೆಗೆ ಗೆದ್ದಲಿನ ಭಯ ಬೇರೆ.

ಎಂಜಿನಿಯರ್ಡ್ ವುಡ್ ಅಷ್ಟು ಹಿಗ್ಗುವುದಿಲ್ಲ, ನಿಜ. ಅಡಿಯಲ್ಲಿ ಪ್ಲೈವುಡ್ಡಿನ ಪದರಗಳು ಅಡ್ಡಡ್ಡ ಕೂತಿರುತ್ತವೆ, ಮೇಲೆ ಕೆಲವೇ ಮಿ.ಮೀ. ನಿಜವಾದ ಮರ. ಆದರೂ ನೀರು ನಿಂತರೆ ಅದೂ ಉಬ್ಬುತ್ತದೆ. ಲ್ಯಾಮಿನೇಟ್ ಅಂತೂ ಒತ್ತಿದ ಮರದ ಪುಡಿಯ ಮೇಲೆ ಅಂಟಿಸಿದ ಚಿತ್ರ. ಅದನ್ನು ಅಡುಗೆಮನೆಗೆ ಹಾಕಲು ನಾನು ಒಪ್ಪುವುದೇ ಇಲ್ಲ.

ಹಾಗಾದರೆ ಮರ ಯಾರಿಗೆ? ಮಹಡಿಯ ಮೇಲೆ ಅಡುಗೆಮನೆ, ಇಬ್ಬರೇ ಇರುವವರು, ಒರೆಸುವುದಷ್ಟೇ ಅಭ್ಯಾಸ, ಸಿಂಕಿನ ಹತ್ತಿರ ನೀರು ಬಿದ್ದರೆ ಆಗಲೇ ಒರೆಸುವ ಶಿಸ್ತು: ಇಂಥವರು ಹಾಕಿಸಬಹುದು. ಮಂಡಿನೋವಿನವರಿಗೆ ನಿಂತು ಕೆಲಸ ಮಾಡಲು ಮರ ಹಿತ, ಮಳೆಗಾಲದಲ್ಲಿ ಕಾಲಿಗೆ ತಣ್ಣಗೆ ಹತ್ತುವುದಿಲ್ಲ. ಹಾಕಿಸುವ ಮೊದಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟ್ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ನೀರಿನ ಹನಿ ಕಂಡರೆ ನೆಲ ಇನ್ನೂ ಒಣಗಿಲ್ಲ, ಮರದ ಆಸೆ ಬಿಡಿ. ಗೋಡೆಯ ಅಂಚಿಗೆ 8ರಿಂದ 10 ಮಿ.ಮೀ. ಜಾಗ ಬಿಟ್ಟು ಅದನ್ನು ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿಯಾದ ಸ್ಕರ್ಟಿಂಗ್‌ನಿಂದ ಮುಚ್ಚಿಸಬೇಕು, ಇಲ್ಲವಾದರೆ ಹಿಗ್ಗಿದ ಮರ ನಡುವೆ ಎದ್ದು ಕೂರುತ್ತದೆ.

ಟೈಲ್ಸ್ ಎಂದರೂ ಎಲ್ಲ ಒಂದೇ ಅಲ್ಲ. ಅಂಗಡಿಯಲ್ಲಿ ಟೈಲ್ಸನ್ನು ಮಗುಚಿ ಹಿಂಭಾಗಕ್ಕೆ ಒಂದು ಹನಿ ನೀರು ಬಿಡಿ. ಸೆರಾಮಿಕ್ ಆದರೆ ಬೇಗ ಹೀರಿಕೊಳ್ಳುತ್ತದೆ. ವಿಟ್ರಿಫೈಡ್ ಮೇಲೆ ಹನಿ ಹಾಗೇ ನಿಲ್ಲುತ್ತದೆ, ಅದು ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ. ಅಡುಗೆಮನೆಗೆ ವಿಟ್ರಿಫೈಡೇ ಇರಲಿ, ಆದರೆ ಮ್ಯಾಟ್ ಫಿನಿಶ್. ಕನ್ನಡಿಯಂತೆ ಹೊಳೆಯುವುದರ ಮೇಲೆ ಎಣ್ಣೆ ಬಿದ್ದು ಅಜ್ಜಿಯೊಬ್ಬರು ಜಾರಿದರೆ ಮನೆಯ ಸುಖವೇ ಹೋಯಿತು. ಜಾರುವಿಕೆಗೆ ಆರ್-9ರಿಂದ ಆರ್-13ರವರೆಗೆ ದರ್ಜೆ ಇರುತ್ತದೆ, ಸಂಖ್ಯೆ ಹೆಚ್ಚಿದಷ್ಟೂ ಜಾರುವುದು ಕಡಿಮೆ; ಆರ್-10 ಕೇಳಿ. ಅದಕ್ಕಿಂತ ಒರಟಾದರೆ ಜಿಡ್ಡು ಹಿಡಿದು ಉಜ್ಜುವವರ ಸೊಂಟ ಬಿದ್ದುಹೋಗುತ್ತದೆ.

ಇಷ್ಟವಾದ ಎರಡು ಮೂರು ಸ್ಯಾಂಪಲ್ ಮನೆಗೆ ತನ್ನಿ. ಅರಿಶಿನ ಕಲಸಿದ ಎಣ್ಣೆ, ಅಡಿಕೆಯ ಚೊಗರು ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸೋಪಿನ ನೀರಲ್ಲಿ ತೊಳೆಯಿರಿ. ಆಮೇಲೆ ಒದ್ದೆ ಮಾಡಿ ಬರಿಗಾಲಲ್ಲಿ ನಿಂತು ನೋಡಿ. ಹಲಸಿನ ಹಪ್ಪಳ ಮಾಡುವ ಮನೆಯವರಿಗೆ ಇದೇ ಟೈಲ್ಸಿನ ಇನ್ನೊಂದು ಲಾಭ: ಮೇಣ ಬಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೆ ಬಿಡುತ್ತದೆ. ಮೆಟ್ಟುಗತ್ತಿ ಎಳೆದಾಡಿದರೂ ಮರದ ಪಾಲಿಶಿನಷ್ಟು ಸುಲಭಕ್ಕೆ ಗೀರು ಬೀಳುವುದಿಲ್ಲ.

ಕೆಡುವುದು ಹೆಚ್ಚಾಗಿ ಟೈಲ್ಸಲ್ಲ, ಸಂದು. ಬಿಳಿ ಸಿಮೆಂಟ್ ತುಂಬಿದ ಸಂದು ಅರಿಶಿನಕ್ಕೆ ಹಳದಿಯಾಗಿ, ಜಿಡ್ಡಿಗೆ ಕಪ್ಪಾಗುತ್ತದೆ. ಟೈಲ್ಸಿನ ನಡುವೆ ಸಮನಾದ ಸಂದು ಬಿಡಿಸುವ 2-3 ಮಿ.ಮೀ. ಸ್ಪೇಸರ್ ಇಟ್ಟು, ಆ ಸಂದಿಗೆ ಎಪಾಕ್ಸಿ ಗ್ರೌಟ್ (ರಾಳದಂಥ ಅಂಟಿನ ಭರ್ತಿ) ತುಂಬಿಸಿ, ಬಣ್ಣ ಬೂದು ಅಥವಾ ಕಂದು. ಖರ್ಚು ಹೆಚ್ಚು, ಆದರೆ ಉಳಿತಾಯ ಮಾಡುವ ಜಾಗ ಇದಲ್ಲ. ಟೈಲ್ಸಿನ ಮೇಲೆ ಮೆತ್ತಿದ ಗ್ರೌಟನ್ನು ಗಟ್ಟಿಯಾಗುವ ಮೊದಲೇ ಒರೆಸಿಸಬೇಕು. ಮೇಸ್ತ್ರಿ ಟೈಲ್ಸಿನಡಿ ಐದು ಮುದ್ದೆ ಗಾರೆ ಇಟ್ಟು ಕೂರಿಸಲು ಹೊರಟರೆ ತಡೆಯಿರಿ. ಅಡಿ ಪೂರ್ತಿ ತುಂಬಬೇಕು, ಹಲ್ಲಿನ ಕರಣೆಯಲ್ಲಿ ಅಂಟು ಎಳೆದು ಕೂರಿಸಿದರೆ ಒಳ್ಳೆಯದು. ಮರುದಿನ ನಾಣ್ಯದಿಂದ ತಟ್ಟಿ; ಟೊಳ್ಳು ಸದ್ದು ಬಂದಲ್ಲಿ ಗ್ಯಾಸ್ ಸಿಲಿಂಡರ್ ಕುಕ್ಕಿದ ದಿನ ಒಡೆಯುತ್ತದೆ. ನೀರು ಹೋಗಲು ಜಾಲಿ ಇದ್ದರೆ ಅದರ ಕಡೆಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಡಿಸಿ.

ಮರದ ಚಂದವೂ ಬೇಕು ಎನ್ನುವವರಿಗೆ ನಾನು ಹೇಳುವುದು: ಊಟದ ಕೋಣೆಗೆ ಮರ, ಅಡುಗೆಮನೆಗೆ ಅದರ ಬಣ್ಣಕ್ಕೆ ಹೊಂದುವ ಟೈಲ್ಸ್. ಆದರೆ ಎರಡರ ದಪ್ಪ ಬೇರೆ. ಟೈಲ್ಸ್ 9-10 ಮಿ.ಮೀ. ಮತ್ತು ಅಂಟು, ಎಂಜಿನಿಯರ್ಡ್ ವುಡ್ 14-15 ಮಿ.ಮೀ. ಮತ್ತು ಅದರಡಿ ಹಾಸುವ ಫೋಮ್. ಅಡಿಯ ಕಾಂಕ್ರೀಟ್ ಹಾಕುವಾಗಲೇ ಲೆಕ್ಕ ಮಾಡಿ, ಅಡುಗೆಮನೆ ಕೂದಲೆಳೆಯಷ್ಟಾದರೂ ತಗ್ಗಿರಲಿ, ನೀರು ಆಚೆ ಹರಿಯದು.

ಪೆಟ್ಟಿಗೆಗಳ ಮೇಲಿನ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇದೆಯೇ ನೋಡಿಯೇ ಇಳಿಸಿಕೊಳ್ಳಿ. ಅಳತೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚಿಗೆ ತರಿಸಿ. ಉಳಿದದ್ದನ್ನು ಅಂಗಡಿಗೆ ಹಿಂತಿರುಗಿಸದೆ ಅಟ್ಟದ ಮೇಲಿಡಿ, ಐದು ವರ್ಷದ ಮೇಲೆ ಆ ಡಿಸೈನ್ ಮತ್ತೆ ಸಿಗುವ ಭರವಸೆಯಿಲ್ಲ.